ಬಾಗಿದ ಅವಕಾಶದಲ್ಲಿ ಗೊತ್ತುಗುರಿಯಿಲ್ಲದ ಅಲೆದಾಟ: ಕಣ ಕೊನೆಗೆ ಎಲ್ಲಿಗೆ ಹೋಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾದಲ್ಲಿ ಭಾನುವಾರ ಸಂಜೆ ನಡೆಯುವ ನಮ್ಮ ಕನ್ನಡ ಗಣಿತ ತರಗತಿಯಲ್ಲಿ ಬಾಗಿದ ಅವಕಾಶದ (ಇಂಗ್ಲಿಷಿನ ‘ಸ್ಪೇಸ್’ ಎಂಬ ಅರ್ಥದಲ್ಲಿ) ಬ್ರೌನಿಯನ್ ಚಲನೆಯ ಬಗ್ಗೆ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ತರಗತಿಗೆ ಡೊಂಬಿವಲಿ, ಥಾಣೆ ಕಡೆಯಿಂದ ಎಂ.ಎಸ್ಸಿ. ವಿದ್ಯಾರ್ಥಿಗಳು ಬರುತ್ತಾರೆ, ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ ಗಣಿತದ ಬೆನ್ನು ಹತ್ತಿದ ಹಿರಿಯರೂ ಬರುತ್ತಾರೆ. ಉತ್ತರಿಸಲು ಕಷ್ಟವಾದ ಪ್ರಶ್ನೆಗಳು ಹೆಚ್ಚಾಗಿ ಹಿರಿಯರವೇ. ಸೂತ್ರಗಳನ್ನು ಆದಷ್ಟು ದೂರವಿಟ್ಟಿದ್ದೇನೆ, ಸಂಖ್ಯೆಗಳನ್ನು ಮಾತ್ರ ಬಿಟ್ಟಿಲ್ಲ. ಸಂಖ್ಯೆಯಿಲ್ಲದೆ ಈ ವಿಷಯದ ಸೊಗಸು ತಿಳಿಯುವುದಿಲ್ಲ.

ಬ್ರೌನಿಯನ್ ಚಲನೆ ಎಂದರೆ ಏನು?

ನೀರಿನಲ್ಲಿ ತೇಲುವ ಅತಿ ಸಣ್ಣ ಕಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಪರಾಗದಿಂದ ಹೊರಬಿದ್ದ ಕಣಗಳಲ್ಲಿ ಇದನ್ನು ಗಮನಿಸಿದರು. ನೀರಿನ ಅಣುಗಳು ಎಲ್ಲ ಕಡೆಯಿಂದ ತಳ್ಳುವುದೇ ಇದಕ್ಕೆ ಕಾರಣ ಎಂಬ ಲೆಕ್ಕವನ್ನು 1905ರಲ್ಲಿ ಐನ್‌ಸ್ಟೈನ್ ಕೊಟ್ಟರು. 1923ರಲ್ಲಿ ನಾರ್ಬರ್ಟ್ ವೀನರ್ ಅದಕ್ಕೆ ಗಣಿತದ ಗಟ್ಟಿ ತಳಪಾಯ ಹಾಕಿದರು.

ನೆನಪಿಡಬೇಕಾದ ಗುಣ ಒಂದೇ. ಸಮತಟ್ಟಾದ ಜಾಗದಲ್ಲಿ ಕಣ ಹೊರಟ ಸ್ಥಳದಿಂದ ದೂರವಾಗುವುದು ಕಾಲದ ವರ್ಗಮೂಲದ ಲೆಕ್ಕದಲ್ಲಿ. ನೂರು ಪಟ್ಟು ಕಾಲ ಕಳೆದರೆ ಹತ್ತು ಪಟ್ಟು ದೂರ. ಈ ಪುಟದುದ್ದಕ್ಕೂ ಕಾಲವನ್ನು ಹೀಗೆ ಅಳೆದಿದ್ದೇನೆ: ಚಿಕ್ಕ ಅವಧಿಯಲ್ಲಿ ಒಂದೊಂದು ದಿಕ್ಕಿನಲ್ಲೂ ಸರಿದ ದೂರದ ವರ್ಗದ ಸರಾಸರಿ ಆ ಅವಧಿಗೆ ಸಮ.

‘ಕುಡುಕನ ನಡಿಗೆ’ ಎನ್ನುವುದೂ ಇದನ್ನೇ ತಾನೇ?

ಅದು ಹೆಜ್ಜೆ ಹೆಜ್ಜೆಯಾಗಿ ನಡೆಯುವ ರೂಪ. ಹೆಜ್ಜೆಯನ್ನು ಚಿಕ್ಕದು ಮಾಡುತ್ತಾ, ಹೆಜ್ಜೆಗಳ ಸಂಖ್ಯೆಯನ್ನು ಹೆಚ್ಚಿಸುತ್ತಾ ಹೋದರೆ ಬ್ರೌನಿಯನ್ ಚಲನೆ ಸಿಗುತ್ತದೆ.

ಮೇಲ್ಮೈ ಬಾಗಿದ್ದರೆ ಈ ಚಲನೆಯನ್ನು ಅದರ ಮೇಲೆ ಹೇಗೆ ಕೂರಿಸುತ್ತಾರೆ?

ಎರಡು ದಾರಿಗಳಿವೆ. ಒಂದು, ಶಾಖದ ದಾರಿ: ಮೇಲ್ಮೈಯ ಒಂದು ಬಿಂದುವಿನಲ್ಲಿ ಶಾಖವನ್ನಿಟ್ಟರೆ ಅದು ಹೇಗೆ ಹರಡುತ್ತದೆಯೋ, ಕಣ ಇರುವ ಸಂಭವನೀಯತೆಯೂ ಹಾಗೆಯೇ ಹರಡಬೇಕು. ಶಾಖ ಹರಡುವುದನ್ನು ಬಾಗಿದ ಅವಕಾಶದಲ್ಲಿ ಹೇಳುವ ಸಾಧನ ಲಾಪ್ಲಾಸ್–ಬೆಲ್ಟ್ರಾಮಿ ಪರಿಕರ್ಮಕ. ಇನ್ನೊಂದು, ಉರುಳಿಸುವ ದಾರಿ: ಸಮತಲದ ಕಾಗದದ ಮೇಲೆ ಬ್ರೌನಿಯನ್ ಚಲನೆಯ ಗೆರೆಯನ್ನು ಒಣಗದ ಶಾಯಿಯಲ್ಲಿ ಬರೆದು, ಆ ಗೆರೆಯ ಗುಂಟ ಗೋಳವನ್ನು ಜಾರದಂತೆ, ತಿರುಚದಂತೆ ಉರುಳಿಸಬೇಕು. ಗೋಳದ ಮೇಲೆ ಅಚ್ಚಾಗುವ ಗೆರೆಯೇ ಅದರ ಬ್ರೌನಿಯನ್ ಚಲನೆ. ಈಲ್ಸ್, ಎಲ್ವರ್ದಿ, ಮಲ್ಯಾವೆನ್ ಮೂವರ ಹೆಸರಿನಲ್ಲಿ ಈ ರಚನೆ ಪ್ರಸಿದ್ಧವಾಗಿದೆ.

ಇದರ ಹಿಂದಿರುವ ಕಲನಶಾಸ್ತ್ರ ಜಪಾನಿನ ಕಿಯೊಸಿ ಇಟೋ ಅವರದು. ಬಾಗಿದ ಅವಕಾಶದ ಬ್ರೌನಿಯನ್ ಚಲನೆಯನ್ನು ಕುರಿತು ಅವರು 1962ರ ಸ್ಟಾಕ್‌ಹೋಮ್ ಗಣಿತ ಸಮ್ಮೇಳನದಲ್ಲಿ ಮಾತನಾಡಿದರು. ಅದಕ್ಕೂ ಸ್ವಲ್ಪ ಮುಂಚೆ ಅವರು ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೇ ಯಾದೃಚ್ಛಿಕ (ಆಕಸ್ಮಿಕವಾಗಿ ಬದಲಾಗುವ) ಪ್ರಕ್ರಿಯೆಗಳ ಮೇಲೆ ಉಪನ್ಯಾಸಮಾಲೆ ನೀಡಿದ್ದರು. ಅದರ ಟಿಪ್ಪಣಿಗಳು ಅಚ್ಚಾಗಿವೆ. 1980ರ ಸುಮಾರಿಗೆ ಶ್ರೀನಿವಾಸ ವರದನ್, ಬಳಿಕ ಶಿಂಜೊ ವತನಾಬೆ ಕೂಡ ಅದೇ ಸಂಸ್ಥೆಗೆ ಇದೇ ವಿಷಯದ ಟಿಪ್ಪಣಿಗಳನ್ನು ಕೊಟ್ಟರು. 1945ರಲ್ಲಿ ಆ ಸಂಸ್ಥೆ ಕಣ್ಣು ತೆರೆದದ್ದು ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷ ಮುಂಬಯಿಗೆ ಬಂತು. ಹೊಟ್ಟೆಪಾಡಿಗೆ ಇಲ್ಲಿಗೆ ಬಂದ ಕನ್ನಡಿಗರ ಸಾಲಿನಲ್ಲಿ ಅದನ್ನೂ ಸೇರಿಸಿಕೊಳ್ಳಬಹುದು ಎಂದು ನಮ್ಮ ಹಿರಿಯರೊಬ್ಬರ ವಾದ.

‘ದೀರ್ಘಕಾಲದ ವರ್ತನೆ’ ಎಂದು ನಿಖರವಾಗಿ ಏನನ್ನು ಕೇಳುತ್ತಿದ್ದೇವೆ?

ಕಣ ಹೊರಟ ಊರಿಗೆ ಮತ್ತೆ ಮತ್ತೆ ಮರಳುತ್ತದೆಯೇ, ಅಥವಾ ಒಂದು ಹಂತದ ನಂತರ ಕೈಬಿಟ್ಟು ಹೋಗುತ್ತದೆಯೇ? ಹೋದರೆ ಎಷ್ಟು ವೇಗದಲ್ಲಿ, ಯಾವ ದಿಕ್ಕಿಗೆ? ಹೋಗಲು ಜಾಗವೇ ಇಲ್ಲದ ಸೀಮಿತ ಅವಕಾಶದಲ್ಲಾದರೆ, ಎಲ್ಲಿಂದ ಹೊರಟೆ ಎನ್ನುವುದನ್ನು ಅದು ಎಷ್ಟು ಬೇಗ ಮರೆಯುತ್ತದೆ?

ಗೋಳದಿಂದ ಶುರು ಮಾಡೋಣ. ಭೂಮಿಯ ಮೇಲೆ ಮುಂಬಯಿಯಿಂದ ಹೊರಟ ಕಣ ಏನಾಗುತ್ತದೆ?

ಸಮುದ್ರ, ಬೆಟ್ಟ ಯಾವುದನ್ನೂ ಲೆಕ್ಕಿಸದೆ ಅಲೆಯುವ ಕಣ ಎಂದುಕೊಳ್ಳಿ. ಭೂಮಿಯ ತ್ರಿಜ್ಯವೇ ಉದ್ದದ ಏಕಮಾನ. ಕಣ ಇರುವ ಜಾಗಕ್ಕೂ ಮುಂಬಯಿಗೂ ನಡುವೆ ಭೂಕೇಂದ್ರದಲ್ಲಿ ಆಗುವ ಕೋನದ ಕೊಸೈನ್ ತೆಗೆದುಕೊಳ್ಳಿ. ಹೊರಡುವಾಗ ಅದು 1. ಅದರ ಸರಾಸರಿ ಒಂದು ಏಕಮಾನ ಕಾಲದ ನಂತರ 0.37, ಮೂರರ ನಂತರ 0.05, ಐದರ ನಂತರ 0.007. ಒಂದೊಂದು ಏಕಮಾನಕ್ಕೂ 2.718ರಿಂದ ಭಾಗಿಸುತ್ತಾ ಹೋದಂತೆ. ಸೊನ್ನೆ ಎಂದರೆ ಮುಂಬಯಿಗೂ ಅದರ ನೇರ ಬೆನ್ನಿಗಿರುವ ಜಾಗಕ್ಕೂ (ಅದು ಶಾಂತಸಾಗರದಲ್ಲಿ, ಈಸ್ಟರ್ ದ್ವೀಪದ ಉತ್ತರಕ್ಕಿದೆ) ಕಣ ಭೇದವೆಣಿಸುತ್ತಿಲ್ಲ ಎಂದರ್ಥ. ಮರೆವಿನ ಈ ವೇಗವನ್ನು ನಿರ್ಧರಿಸುವುದು ಲಾಪ್ಲಾಸ್–ಬೆಲ್ಟ್ರಾಮಿಯ ಸೊನ್ನೆಯಲ್ಲದ ಮೊದಲ ಐಗನ್‌ಮೌಲ್ಯ. ಐಗನ್‌ಮೌಲ್ಯ ಎಂದರೆ ಆ ಪರಿಕರ್ಮಕಕ್ಕೆ ಅಂಟಿಕೊಂಡಿರುವ ವಿಶಿಷ್ಟ ಸಂಖ್ಯೆ. ಗೋಳಕ್ಕೆ ಆ ಮೊದಲನೆಯದು 2, ನಮ್ಮ ಕಾಲಮಾನದಲ್ಲಿ ಅದರ ಅರ್ಧ ಲೆಕ್ಕಕ್ಕೆ ಬರುತ್ತದೆ.

ಮರೆತ ಮೇಲೆ ಕಣ ಪ್ರತಿ ಪ್ರದೇಶದಲ್ಲೂ ಅದರ ವಿಸ್ತೀರ್ಣಕ್ಕೆ ತಕ್ಕಷ್ಟು ಕಾಲ ಕಳೆಯುತ್ತದೆ. ಭೂಮಧ್ಯರೇಖೆಯ ಎರಡೂ ಬದಿಯ 30 ಡಿಗ್ರಿಯ ಪಟ್ಟಿಯಲ್ಲಿ ಸರಿಯಾಗಿ ಅರ್ಧ ಕಾಲ, ಏಕೆಂದರೆ ಗೋಳದ ಅರ್ಧ ವಿಸ್ತೀರ್ಣ ಅಲ್ಲೇ ಇದೆ. ಬೃಹನ್ಮುಂಬಯಿ ಸುಮಾರು 603 ಚದರ ಕಿಲೋಮೀಟರ್, ಭೂಮಿ ಸುಮಾರು 51 ಕೋಟಿ ಚದರ ಕಿಲೋಮೀಟರ್. ಆದ್ದರಿಂದ ಹತ್ತು ಲಕ್ಷ ಏಕಮಾನ ಕಾಲದಲ್ಲಿ ಒಂದಕ್ಕಿಂತ ತುಸು ಹೆಚ್ಚು ನಮ್ಮ ಪಾಲಿಗೆ. ಇಲ್ಲಿನ ಬಾಡಿಗೆ ನೋಡಿದರೆ ಅದೇ ದೊಡ್ಡದು.

ಕಣ ಹೊರಟ ಬಿಂದುವಿಗೇ ಮರಳುತ್ತದೆಯೇ?

ಇಲ್ಲ, ಆದರೆ ಅದರ ಪಕ್ಕಕ್ಕೆ ಖಂಡಿತ ಬರುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದರಷ್ಟು ರುಚಿಯಾದ ಪ್ರಶ್ನೆ ಇನ್ನೊಂದಿಲ್ಲ. ಎರಡು ಆಯಾಮದ ಮೇಲ್ಮೈಯಲ್ಲಿ ಬ್ರೌನಿಯನ್ ಕಣ ಮೊದಲೇ ಗೊತ್ತುಮಾಡಿದ ಒಂದೇ ಒಂದು ಬಿಂದುವನ್ನು ಮುಟ್ಟುವ ಸಂಭವನೀಯತೆ ಸೊನ್ನೆ. ಆದರೆ ಆ ಬಿಂದುವಿನ ಸುತ್ತ ಎಷ್ಟೇ ಚಿಕ್ಕ ವೃತ್ತ ಎಳೆದರೂ ಗೋಳದ ಮೇಲಿನ ಕಣ ಅದರೊಳಕ್ಕೆ ಅನಂತ ಬಾರಿ ಬರುತ್ತದೆ.

ಎಷ್ಟು ಕಾಲ ಬೇಕು? ಶಾಂತಸಾಗರದ ಆ ಬೆನ್ನಬಿಂದುವಿನಿಂದ ಕಣ ಹೊರಡಲಿ. ಮುಂಬಯಿಯಷ್ಟೇ ವಿಸ್ತೀರ್ಣದ, ಸುಮಾರು 14 ಕಿಲೋಮೀಟರ್ ತ್ರಿಜ್ಯದ ವೃತ್ತವನ್ನು ಮುಟ್ಟಲು ಸರಾಸರಿ 27 ಏಕಮಾನ ಕಾಲ ಸಾಕು. ಈಗ ಗುರಿಯನ್ನು ಕುಗ್ಗಿಸಿ: ಒಂದು ಮೀಟರ್ ತ್ರಿಜ್ಯ, ಅಂದರೆ ಒಂದು ಊಟದ ಮೇಜಿನಷ್ಟು ಜಾಗ. ವಿಸ್ತೀರ್ಣ ಸುಮಾರು 19 ಕೋಟಿ ಪಟ್ಟು ಕಡಿಮೆಯಾಯಿತು. ಕಾಲವೂ ಕೋಟಿಗಳ ಲೆಕ್ಕದಲ್ಲಿ ಏರಬೇಕೆಂದು ಎಲ್ಲರೂ ಊಹಿಸುತ್ತಾರೆ. ಏರುವುದು 65ಕ್ಕೆ ಮಾತ್ರ! ಎರಡು ಆಯಾಮದಲ್ಲಿ ಗುರಿಯ ಗಾತ್ರ ಲಾಗರಿದಮ್ ಮೂಲಕವಷ್ಟೇ ಲೆಕ್ಕಕ್ಕೆ ಬರುತ್ತದೆ. ಕಣದ ಹಾದಿ ಅಷ್ಟು ದಟ್ಟವಾಗಿ ಹೆಣೆದುಕೊಂಡಿರುತ್ತದೆ. ಒಂದು ಕಡೆಗೆ ಬಂತೆಂದರೆ ಅಲ್ಲಿನ ಸಂದುಗೊಂದುಗಳನ್ನೆಲ್ಲ ತಡಕಾಡಿಯೇ ಹೋಗುತ್ತದೆ.

ಒಂದೇ ಮೇಜನ್ನಲ್ಲ, ಭೂಮಿಯ ಪ್ರತಿ ಬಿಂದುವಿಗೂ ಒಂದು ಮೀಟರ್ ಹತ್ತಿರ ಬರಬೇಕೆಂದರೆ? ಡೆಂಬೊ, ಪೆರೆಸ್, ರೋಸನ್, ಝೈಟೂನಿ 2004ರಲ್ಲಿ ಪ್ರಕಟಿಸಿದ ಪ್ರಮೇಯ ಇದಕ್ಕೆ ಉತ್ತರ ಕೊಡುತ್ತದೆ: ಕಾಲ ಲಾಗರಿದಮ್‌ನ ವರ್ಗದಂತೆ ಬೆಳೆಯುತ್ತದೆ. ಅದರ ಮುಖ್ಯ ಪದವನ್ನಷ್ಟೇ ಹಿಡಿದರೆ ನಮ್ಮ ಗೋಳಕ್ಕೆ ಸುಮಾರು 2,000 ಏಕಮಾನ.

ಸಮತಲದಲ್ಲಿ?

1921ರಲ್ಲಿ ಜಾರ್ಜ್ ಪೋಯಾ ಚೌಕಳಿ ಜಾಲದ ಮೇಲಿನ ನಡಿಗೆಗೆ ತೋರಿಸಿದ್ದು ಇಲ್ಲಿಗೂ ಹೊಂದುತ್ತದೆ: ಒಂದು, ಎರಡು ಆಯಾಮಗಳಲ್ಲಿ ಕಣ ಮರಳುತ್ತದೆ, ಮೂರರಿಂದ ಮೇಲಕ್ಕೆ ಮರಳುವ ಭರವಸೆಯಿಲ್ಲ. ಸಾಮಾನ್ಯ ಮೂರು ಆಯಾಮದ ಅವಕಾಶದಲ್ಲಿ, ಏಕಮಾನ ತ್ರಿಜ್ಯದ ಚೆಂಡಿನ ಕೇಂದ್ರದಿಂದ 10 ಏಕಮಾನ ದೂರದಲ್ಲಿರುವ ಕಣ ಆ ಚೆಂಡನ್ನು ಎಂದಾದರೂ ಮುಟ್ಟುವ ಸಂಭವನೀಯತೆ ಹತ್ತರಲ್ಲಿ ಒಂದು. ಸಮತಲದಲ್ಲಿ ಮುಟ್ಟುವುದು ಖಚಿತ, ಆದರೆ ಅದಕ್ಕೆ ಬೇಕಾಗುವ ಸರಾಸರಿ ಕಾಲ ಅನಂತ. ಬರುತ್ತೇನೆ ಎಂದವರು ಬಂದೇ ಬರುತ್ತಾರೆ, ಕಾಯುವವರ ಗತಿ ಬೇರೆ.

ಋಣ ವಕ್ರತೆಯ ಮೇಲ್ಮೈಯಲ್ಲಿ ಏನು ವಿಶೇಷ?

ವಕ್ರತೆ ಎಂದರೆ ಮೇಲ್ಮೈ ಎಷ್ಟು, ಹೇಗೆ ಬಾಗಿದೆ ಎನ್ನುವುದರ ಅಳತೆ: ಗೋಳದ್ದು ಧನ, ಸಮತಲದ್ದು ಸೊನ್ನೆ, ಕುದುರೆಯ ಜೀನಿನಂತೆ ಬಾಗಿದ್ದರೆ ಋಣ. ಎಣ್ಣೆಗೆ ಬಿದ್ದ ಹಪ್ಪಳದ ಅಂಚು ಅಲೆ ಅಲೆಯಾಗಿ ಏಳುವುದನ್ನು ನೋಡಿರುತ್ತೀರಿ. ನಡುವಿನ ಅಳತೆಗೆ ತಕ್ಕುದಕ್ಕಿಂತ ಅಂಚು ಹೆಚ್ಚು ಹಿಗ್ಗಿದಾಗ ಅದಕ್ಕೆ ಮಟ್ಟಸವಾಗಿ ಕೂರಲು ಆಗುವುದಿಲ್ಲ. ಹೈಪರ್ಬೋಲಿಕ್ ಸಮತಲದಲ್ಲಿ, ಅಂದರೆ ಎಲ್ಲೆಡೆ ವಕ್ರತೆ −1 ಇರುವ ಮೇಲ್ಮೈಯಲ್ಲಿ, ಇದೇ ಸಂಗತಿ ಪ್ರತಿ ಬಿಂದುವಿನ ಸುತ್ತಲೂ, ಕೊನೆಯಿಲ್ಲದೆ ನಡೆಯುತ್ತದೆ. ತ್ರಿಜ್ಯ 10 ಇರುವ ವೃತ್ತದ ಪರಿಧಿ ಸಮತಲದಲ್ಲಿ ಸುಮಾರು 63. ಅಲ್ಲಿ ಸುಮಾರು 69,000.

ಕಣಕ್ಕೆ ಇದರ ಪರಿಣಾಮ ಏನು? ಅದಕ್ಕೆ ಯಾವ ದಿಕ್ಕಿನ ಮೇಲೂ ಒಲವಿಲ್ಲ. ಆದರೂ ಹೊರಗಿನ ಕಡೆ ಜಾಗ ವಿಪರೀತ ಹೆಚ್ಚಾಗಿರುವುದರಿಂದ, ಬೇಕಾಬಿಟ್ಟಿ ಇಟ್ಟ ಹೆಜ್ಜೆಯೂ ಸರಾಸರಿಯಲ್ಲಿ ಹೊರಕ್ಕೇ ಬೀಳುತ್ತದೆ. ದೂರ ಕಾಲದ ವರ್ಗಮೂಲದಂತಲ್ಲ, ಕಾಲದಂತೆಯೇ ಬೆಳೆಯುತ್ತದೆ, ವೇಗ ಅರ್ಧ. ನೂರು ಏಕಮಾನ ಕಾಲದ ನಂತರ ಸಮತಲದ ಕಣ ಸುಮಾರು 14 ಏಕಮಾನ ದೂರದಲ್ಲಿದ್ದರೆ, ಇಲ್ಲಿನದು ಸುಮಾರು 50ರಲ್ಲಿ, ಹತ್ತರಷ್ಟು ಹೆಚ್ಚುಕಡಿಮೆಯೊಂದಿಗೆ. ಮರಳುವ ಮಾತನ್ನಂತೂ ಬಿಡಿ: ಕೇಂದ್ರದಿಂದ 10 ಏಕಮಾನ ದೂರದಲ್ಲಿರುವ ಕಣ ಏಕಮಾನ ತ್ರಿಜ್ಯದ ವೃತ್ತವನ್ನು ಎಂದಾದರೂ ಮುಟ್ಟುವ ಸಂಭವನೀಯತೆ ಸುಮಾರು 8,500ರಲ್ಲಿ ಒಂದು. ಆಯಾಮ ಎರಡೇ, ಆದರೂ ಕಣ ಮರಳುವುದಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಸಮತಲದ ಕಣ ಹೊರಟ ಜಾಗವನ್ನು ಎಡಕ್ಕೂ ಬಲಕ್ಕೂ ಮಿತಿಯಿಲ್ಲದಷ್ಟು ಸಲ ಸುತ್ತುತ್ತದೆ. ಹೈಪರ್ಬೋಲಿಕ್ ಸಮತಲದಲ್ಲಿ ಕಣದ ದಿಕ್ಕು ಕ್ರಮೇಣ ಸ್ಥಿರವಾಗುತ್ತದೆ, ‘ಅನಂತದ ವೃತ್ತ’ದ ಒಂದು ಬಿಂದುವಿನ ಕಡೆಗೆ ಅದು ಸಾಗುತ್ತದೆ. ಆ ಬಿಂದು ಯಾವುದು ಎನ್ನುವುದು ಮಾತ್ರ ಅದೃಷ್ಟದ ಮಾತು.

ಹಾಗಾದರೆ ಋಣ ವಕ್ರತೆ ಇದ್ದಲ್ಲೆಲ್ಲ ಕಣ ಮರಳುವುದಿಲ್ಲ ಎನ್ನಬಹುದೇ?

ಎನ್ನಬಾರದು. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಅತಿ ಹೆಚ್ಚು ಎಡವುವುದು ಇಲ್ಲಿಯೇ. ಗೋಳದಿಂದ ಮೂರು ಬಿಂದುಗಳನ್ನು ಕಿತ್ತು, ಅಲ್ಲಿ ಅನಂತಕ್ಕೆ ಚಾಚುವ, ತೆಳ್ಳಗಾಗುತ್ತಾ ಹೋಗುವ ಮೂರು ಕೊಂಬುಗಳನ್ನು ಎಳೆದರೆ ವಕ್ರತೆ ಎಲ್ಲೆಡೆ −1 ಇರುವ ಮೇಲ್ಮೈ ಸಿಗುತ್ತದೆ. ಉದ್ದ ಅನಂತವಾದರೂ ಅದರ ಒಟ್ಟು ವಿಸ್ತೀರ್ಣ ಸುಮಾರು 6.28 ಮಾತ್ರ. ಅಲ್ಲಿ ಕಣ ಮರಳುತ್ತಲೇ ಇರುತ್ತದೆ: ಕೊಂಬಿನೊಳಕ್ಕೆ ಹೋದರೂ ಅಲ್ಲಿ ನಿಲ್ಲಲು ಜಾಗವಿಲ್ಲ.

ಇನ್ನೂ ಚೆಂದದ ಉದಾಹರಣೆ ಇದೆ. ಎರಡು ತೂತುಗಳಿರುವ, ವಕ್ರತೆ −1ರ ಒಂದು ಮುಚ್ಚಿದ ಮೇಲ್ಮೈ ತೆಗೆದುಕೊಳ್ಳಿ. ಅದರಲ್ಲಿ ಸುತ್ತಿ ಬರುವ ನಾಲ್ಕು ಸ್ವತಂತ್ರ ದಾರಿಗಳಿವೆ. ಒಂದು ದಾರಿಯನ್ನು ಬಿಚ್ಚಿ, ಸುತ್ತಿ ಬಂದಾಗಲೆಲ್ಲ ಅದೇ ಮೇಲ್ಮೈಯ ಇನ್ನೊಂದು ಪ್ರತಿಗೆ (ನಕಲಿಗೆ) ಕಾಲಿಡುವಂತೆ ಮಾಡಿ. ಪ್ರತಿಗಳು ಒಂದು ಸಾಲಿನಲ್ಲಿ ನಿಲ್ಲುತ್ತವೆ. ಕಣ ಮರಳುತ್ತದೆ. ಎರಡು ದಾರಿಗಳನ್ನು ಬಿಚ್ಚಿದರೆ ಪ್ರತಿಗಳು ಸಮತಲದ ಜಾಲದಂತೆ ಹರಡುತ್ತವೆ. ಆಗಲೂ ಮರಳುತ್ತದೆ. ಮೂರನ್ನು ಬಿಚ್ಚಿದರೆ ಮರಳುವುದಿಲ್ಲ. ಮೂರೂ ಕಡೆ ವಕ್ರತೆ ಒಂದೇ, ಹತ್ತಿರದಿಂದ ನೋಡಿದರೆ ಮೂರಕ್ಕೂ ರವೆಯಷ್ಟು ವ್ಯತ್ಯಾಸವಿಲ್ಲ. ಹೀಗೆ ಬಿಚ್ಚಿದಾಗ ಸಿಗುವ ಮೇಲ್ಮೈಗಳಲ್ಲಿ (ಇವನ್ನು ‘ಆವರಣ’ ಎನ್ನುತ್ತಾರೆ) ಮರಳುವಿಕೆಯನ್ನು ಪ್ರತಿಗಳ ಜೋಡಣೆಯೇ ನಿರ್ಧರಿಸುತ್ತದೆ ಎಂಬುದು ವರೋಪೌಲೋಸ್ ಅವರ ಪ್ರಮೇಯ. ಪೋಯಾ ಹಿಂದಿನ ಬಾಗಿಲಿನಿಂದ ಮತ್ತೆ ಒಳಗೆ ಬಂದರು.

ಕೊನೆಗೂ ನಿರ್ಧರಿಸುವುದು ಯಾವುದು?

ದೂರದಲ್ಲಿ ಎಷ್ಟು ಜಾಗವಿದೆ ಎನ್ನುವುದು. ವಕ್ರತೆಯ ಚಿಹ್ನೆಗಿಂತ ಇದನ್ನು ನಂಬಿ. ಅಂಚಿಲ್ಲದ ಪೂರ್ಣ ಅವಕಾಶದಲ್ಲಿ, ಚೆಂಡಿನೊಳಗಿನ ಗಾತ್ರ ತ್ರಿಜ್ಯದ ವರ್ಗಕ್ಕಿಂತ ಬೇಗ ಬೆಳೆಯದಿದ್ದರೆ ಕಣ ಮರಳುತ್ತದೆ; ಇದು 1975ರ ಚೆಂಗ್ ಮತ್ತು ಯೌ ಅವರ ಫಲಿತಾಂಶದಿಂದ ಬರುತ್ತದೆ. ಅದಕ್ಕಿಂತ ತುಸು ಹೆಚ್ಚಿನ ಬೆಳವಣಿಗೆಯನ್ನೂ ಒಪ್ಪಿಕೊಳ್ಳುವ ಪರೀಕ್ಷೆಗಳನ್ನು ಕಾರ್ಪ್, ವರೋಪೌಲೋಸ್, ಗ್ರಿಗೋರ್ಯಾನ್ ಕೊಟ್ಟರು. ಆಯಾಮ ಮೂರಾದರೂ, ಸಮತಲಕ್ಕೆ ಒಂದು ವೃತ್ತವನ್ನು ಗುಣಿಸಿದ (ಅಂದರೆ ಸಮತಲದ ಪ್ರತಿ ಬಿಂದುವಿಗೂ ಒಂದೊಂದು ವೃತ್ತ ಸೇರಿಸಿದ) ಅವಕಾಶದಲ್ಲಿ ಕಣ ಮರಳುವುದು ಇದರಿಂದಲೇ: ದೂರದಲ್ಲಿ ಅಲ್ಲಿ ಎರಡು ಆಯಾಮದಷ್ಟೇ ಜಾಗ.

ಜಾಗ ಬಹಳ ಇದ್ದ ಮಾತ್ರಕ್ಕೆ ಕಣ ತಪ್ಪಿಸಿಕೊಳ್ಳುತ್ತದೆ ಎಂದು ತಿರುಗಿಸಿ ಹೇಳಲಾಗದು. ದೊಡ್ಡ ಕೋಣೆಗಳ ನಡುವೆ ಸಾಲಾಗಿ ಕಿರಿದಾದ ಕುತ್ತಿಗೆಗಳಿದ್ದರೆ ಕಣ ಹಿಂದಕ್ಕೇ ಬರುತ್ತದೆ. ಸುತ್ತಲೂ ಒಂದೇ ಸಮನಾಗಿರುವ ಮೇಲ್ಮೈಗಳಿಗೆ ಮಾತ್ರ ಗಡಿ ಬಹಳ ನಾಜೂಕಾಗಿ ಗೊತ್ತಾಗಿದೆ. 1977ರಲ್ಲಿ ಜಾನ್ ಮಿಲ್ನರ್ ಕಂಡುಕೊಂಡ ಗಡಿಯ ಪ್ರಕಾರ ಕೇಂದ್ರದಿಂದ 100 ಏಕಮಾನ ದೂರದಲ್ಲಿ ಋಣ ವಕ್ರತೆಯ ಪ್ರಮಾಣ ಸುಮಾರು 46,000ರಲ್ಲಿ ಒಂದು. ದೂರ ಹೋದಂತೆಲ್ಲ ವಕ್ರತೆ ಈ ಗಡಿಯೊಳಗೇ ಇದ್ದರೆ ಕಣ ಮರಳುತ್ತದೆ, ಗಡಿಯನ್ನು ಒಂದು ನಿಶ್ಚಿತ ಪಾಲಿನಷ್ಟು ಮೀರುತ್ತಲೇ ಹೋದರೆ ಮರಳುವುದಿಲ್ಲ. ಕಣ್ಣಿಗೆ ಕಾಣದಷ್ಟು ಬಾಗು ಹಣೆಬರಹವನ್ನೇ ಬದಲಿಸುತ್ತದೆ.

ಕಣ ಪೂರ್ತಿ ಮಾಯವಾಗುವುದು ಸಾಧ್ಯವೇ?

ಸಾಧ್ಯ. ವಕ್ರತೆ −1ರಲ್ಲೇ ನಿಲ್ಲದೆ, ದೂರ ಹೋದಂತೆ ಭಾರಿ ವೇಗದಲ್ಲಿ ಇನ್ನಷ್ಟು ಋಣವಾಗುತ್ತಾ ಹೋದರೆ ಹೊರದಬ್ಬುವಿಕೆ ಎಷ್ಟು ಬಲವಾಗುತ್ತದೆ ಎಂದರೆ ಕಣ ಸೀಮಿತ ಕಾಲದಲ್ಲೇ ಅನಂತವನ್ನು ಮುಟ್ಟಿಬಿಡುತ್ತದೆ. 1974ರಲ್ಲಿ ಅಜಾಂಕೋಟ್ ಇಂಥ ಉದಾಹರಣೆ ಕೊಟ್ಟರು. ಆಮೇಲೆ ಸಂಭವನೀಯತೆಗಳನ್ನೆಲ್ಲ ಕೂಡಿದರೆ 1 ಬರುವುದಿಲ್ಲ, ಕೊರತೆ ಬೀಳುತ್ತದೆ. ಬ್ಯಾಂಕಿನ ಹಿರಿಯರಿಗೆ ಇದು ಸಹಿಸದ ಮಾತು. ರಿಚಿ ವಕ್ರತೆಗೆ (ಒಂದು ದಿಕ್ಕಿನ ಸುತ್ತಲಿನ ವಕ್ರತೆಗಳನ್ನು ಕೂಡಿಸಿದ ಅಳತೆಗೆ) ಕೆಳಮಿತಿ ಇದ್ದರೆ ಹೀಗಾಗದು ಎಂದು 1978ರಲ್ಲಿ ಯೌ ತೋರಿಸಿದರು. ಇಲ್ಲಿಯೂ ಜಾಗದ ಲೆಕ್ಕವೇ ಮೇಲುಗೈ: ಗಾತ್ರದ ಲಾಗರಿದಮ್ ತ್ರಿಜ್ಯದ ವರ್ಗಕ್ಕಿಂತ ಬೇಗ ಬೆಳೆಯದಿದ್ದರೆ ಕೊರತೆ ಬೀಳದು ಎಂಬುದು ಗ್ರಿಗೋರ್ಯಾನ್ ಅವರ 1986ರ ಪರೀಕ್ಷೆಯಿಂದ ಸಿಗುತ್ತದೆ.

ಅನಂತದಲ್ಲಿ ಕಣ ಬೇರೆ ಬೇರೆ ದಿಕ್ಕು ಹಿಡಿಯುವುದು ಯಾವಾಗಲೂ ನಿಜವೇ?

ತೂತುಗಳಿಲ್ಲದ ಅವಕಾಶದಲ್ಲಿ ವಕ್ರತೆ ಎರಡು ಋಣ ಸಂಖ್ಯೆಗಳ ನಡುವೆ ಬಂಧಿಯಾಗಿದ್ದರೆ ನಿಜ; 1983ರಲ್ಲಿ ಆಂಡರ್ಸನ್ ಮತ್ತು ಸಲಿವನ್ ಬೇರೆ ಬೇರೆಯಾಗಿ ಇದನ್ನು ಸಾಧಿಸಿದರು. ಮೇಲ್ಮಿತಿಯನ್ನಷ್ಟೇ ಉಳಿಸಿ ಕೆಳಮಿತಿಯನ್ನು ಕೈಬಿಟ್ಟರೆ, ಮೂರು ಆಯಾಮದಲ್ಲಿ ವಿಚಿತ್ರ ನಡೆಯಬಹುದು. ಕಣ ಎಲ್ಲಿಂದ ಹೊರಟರೂ, ಹೇಗೆ ಅಲೆದರೂ, ಕೊನೆಗೆ ಅನಂತದ ಒಂದೇ ಬಿಂದುವಿಗೆ ಸೇರುವ ಅವಕಾಶವನ್ನು 1994ರಲ್ಲಿ ಅಂಕೋನಾ ಕಟ್ಟಿ ತೋರಿಸಿದರು.

ಇದರಿಂದ ಪ್ರಯೋಜನವೇನು?

ದ್ರವದಲ್ಲಿ ತಿರುಗಾಡುವ ಅಣುವಿನ ಮುಖ ಯಾವ ಕಡೆಗಿದೆ ಎನ್ನುವುದು ಗೋಳದ ಮೇಲಿನ ಒಂದು ಬಿಂದು. ಅಣು ತಿರುಗುವುದು ಆ ಬಿಂದುವಿನ ಅಲೆದಾಟ. ಪ್ರತಿದೀಪ್ತಿಯ (ಬೆಳಕು ಬಿದ್ದ ಅಣು ಮರಳಿ ಸೂಸುವ ಬೆಳಕಿನ) ಧ್ರುವೀಕರಣ ಎಷ್ಟು ಬೇಗ ಅಳಿಯುತ್ತದೆ ಎಂದು ಅಳೆದು ಪ್ರೋಟೀನಿನ ಗಾತ್ರವನ್ನು ಅಂದಾಜಿಸುವವರು ಬಳಸುವುದು ಇದೇ ಮರೆವಿನ ವೇಗವನ್ನು. ಅಲ್ಲಿ ಲೆಕ್ಕಕ್ಕೆ ಬರುವುದು ಮೊದಲ ಐಗನ್‌ಮೌಲ್ಯ 2 ಅಲ್ಲ, ಎರಡನೆಯದಾದ 6.

ಕಂಪ್ಯೂಟರಿನಲ್ಲಿ ಮಾಡಿ ನೋಡುವುದು ಹೇಗೆ?

ಅಕ್ಷಾಂಶ, ರೇಖಾಂಶಗಳಿಗೆ ಬೇರೆ ಬೇರೆಯಾಗಿ ಯಾದೃಚ್ಛಿಕ ಸಂಖ್ಯೆ ಕೂಡಿಸುತ್ತಾ ಹೋಗಬೇಡಿ. ಹಾಗೆ ಮಾಡಿದ ಕಣ ಧ್ರುವಗಳಲ್ಲೇ ಠಿಕಾಣಿ ಹೂಡುತ್ತದೆ; ಭೂಮಧ್ಯರೇಖೆಯ ಸುತ್ತಲಿನ 30 ಡಿಗ್ರಿ ಪಟ್ಟಿಯಲ್ಲಿ ಅರ್ಧದ ಬದಲು ಮೂರರಲ್ಲೊಂದು ಕಾಲ ಮಾತ್ರ ಇರುತ್ತದೆ. ಬದಲಿಗೆ, ಕಣ ಇರುವ ಬಿಂದುವಿನಲ್ಲಿ ಗೋಳವನ್ನು ಮುಟ್ಟುವ ಸಮತಲದಲ್ಲಿ ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳನ್ನು ಆರಿಸಿ. ಒಂದೊಂದಕ್ಕೂ ಮಾನಕ ವಿಚಲನೆ 0.1 ಇರುವ ಸಾಮಾನ್ಯ ವಿತರಣೆಯ ಸಂಖ್ಯೆ ತೆಗೆದು, ಎರಡನ್ನೂ ಕೂಡಿದಾಗ ಸಿಗುವ ದಿಕ್ಕಿನ ಮಹಾವೃತ್ತದ ಮೇಲೆ ಆ ಕೂಡಿದ ಉದ್ದದಷ್ಟು ದೂರ ಸರಿಸಿ. ಇಂಥ ಒಂದು ಹೆಜ್ಜೆ 0.01 ಏಕಮಾನ ಕಾಲಕ್ಕೆ ಸಮ. ಹತ್ತು ಸಾವಿರ ಕಣಗಳನ್ನು ನೂರು ಹೆಜ್ಜೆ ನಡೆಸಿ, ಹೊರಟ ದಿಕ್ಕಿನೊಂದಿಗೆ ಆಗುವ ಕೋನದ ಕೊಸೈನ್‌ನ ಸರಾಸರಿ ತೆಗೆಯಿರಿ. 0.37ರ ಆಸುಪಾಸು ಬಂದರೆ ಸರಿ. 0.14 ಬಂದರೆ ಹೆಜ್ಜೆಯ ವರ್ಗ ಎರಡು ಪಟ್ಟಾಗಿದೆ, 0.61 ಬಂದರೆ ಎರಡು ದಿಕ್ಕುಗಳಿಗೂ ಸಿಗಬೇಕಾದದ್ದನ್ನು ಅರ್ಧರ್ಧ ಹಂಚಿದ್ದೀರಿ.